ಕಳುವಾದ ಕೋವಿ, ಉಳಿದ ಕಾಗದ

ಆ ಎಫ್‌ಐಆರ್‌ನಲ್ಲಿ ಕಳುವಾದ ಮಾಲಿನ ಪಟ್ಟಿ ಐದು ಸಾಲಿನದು. ಬಂಗಾರದ ಬಳೆ ಒಂದು ಜೊತೆ, ಬೆಳ್ಳಿಯ ಆರತಿ ತಟ್ಟೆ, ಮೊಬೈಲು, ನಗದು, ಕೊನೆಗೆ ‘ಹಳೆಯ ಜೋಡುನಳಿಗೆ ಕೋವಿ-1’. ಬಳೆಗೆ ಗ್ರಾಂ ಲೆಕ್ಕದ ತೂಕವಿತ್ತು, ಮೊಬೈಲಿಗೆ ಐಎಂಇಐ ನಂಬರಿತ್ತು. ಕೋವಿಗೆ ನಂಬರಿರಲಿಲ್ಲ, ಅಂದಾಜು ಬೆಲೆಯಿತ್ತು.

ಮಲೆನಾಡಿನ ನಮ್ಮ ಸೋದರಮಾವನ ಮನೆಯವರೆಲ್ಲ ಮದುವೆಗೆ ಹೋಗಿದ್ದಾಗ ಆದ ಕಳ್ಳತನ ಅದು. ದೂರು ಕೊಡಲು ಜೊತೆಗೆ ಹೋದವನು ನಾನೇ. ಠಾಣೆಯ ರೈಟರ್ ಕೇಳಿದ ಮೊದಲ ಪ್ರಶ್ನೆ, “ಬೀಗ ಹಾಕಿದ್ರಾ ಗೌಡ್ರೇ?”

“ಬೀರುವಿನಲ್ಲೇ ಇತ್ತು ಸಾರ್. ಬೀರುವನ್ನೇ ಒಡೆದಿದಾರೆ.”

“ಲೈಸೆನ್ಸ್ ಪುಸ್ತಕ?”

“ಅದೂ ಅದರೊಳಗೇ ಇತ್ತು.”

ರೈಟರ್ ಪೆನ್ನು ಕೆಳಗಿಟ್ಟರು. “ಮತ್ತೆ ನಂಬರು?” ನಲವತ್ತು ವರ್ಷ ಆ ಕೋವಿಯನ್ನು ಒರೆಸಿ ಎಣ್ಣೆ ಹಾಕಿದ ಮಾವನಿಗೆ ನಂಬರು ಬಾಯಿಗೆ ಬರಲಿಲ್ಲ.

ಆ ಒಂದು ಹಾಳೆಯನ್ನು ನಾನು ಆಮೇಲೆ ಹಲವು ಸಲ ಓದಿದ್ದೇನೆ. ಕಳುವಾದ ಕೋವಿಯ ಬಗ್ಗೆ ನಮ್ಮ ವ್ಯವಸ್ಥೆ ಹೇಗೆ ಯೋಚಿಸುತ್ತದೆ ಎಂಬುದು ಅದರಲ್ಲಿ ಪೂರ್ತಿ ಬರೆದಿದೆ. ಬಳೆಯೂ ಕೋವಿಯೂ ಅಲ್ಲಿ ಒಂದೇ ಪಟ್ಟಿಯ ಮಾಲು. ಆದರೆ ಬಳೆ ಹೋದರೆ ನಷ್ಟ ಮನೆಯವರದು, ಕರಗಿಸಿದ ದಿನ ಅದರ ಕತೆ ಮುಗಿಯಿತು. ಕೋವಿಯ ಕತೆ ಕಳುವಾದ ದಿನ ಶುರುವಾಗುತ್ತದೆ. ಅದರ ನಷ್ಟ ಯಾರ ಪಾಲಿಗೋ ಇನ್ನೂ ಗೊತ್ತಿಲ್ಲ.

ಕಾನೂನನ್ನೇ ದೂರುವಂತಿಲ್ಲ. ಶಸ್ತ್ರಾಸ್ತ್ರ ಕಾಯ್ದೆ 1959ರದು, ಅದರಡಿ ಈಗ ನಡೆಯುತ್ತಿರುವ ನಿಯಮಗಳು 2016ರವು. ಆಯುಧ ಅಥವಾ ತೋಟಾ ಕಳೆದರೂ ಕಳುವಾದರೂ ಕೂಡಲೇ ಹತ್ತಿರದ ಠಾಣೆಗೆ ತಿಳಿಸಬೇಕೆಂಬುದು ಪರವಾನಗಿಯ ಷರತ್ತು. ಷರತ್ತು ಮುರಿದವರಿಗೆ ಕಾಯ್ದೆಯ 30ನೇ ಕಲಮಿನಡಿ ಆರು ತಿಂಗಳವರೆಗೆ ಜೈಲು, ಇಲ್ಲವೇ ದಂಡ, ಅಥವಾ ಎರಡೂ. 36ನೇ ಕಲಮು ಇನ್ನೂ ಮುಂದೆ ಹೋಗುತ್ತದೆ. ಈ ಕಾಯ್ದೆಯಡಿ ಅಪರಾಧ ನಡೆದದ್ದು ಗೊತ್ತಿದ್ದರೆ ಯಾರೇ ಆಗಲಿ ಸುಮ್ಮನಿರುವಂತಿಲ್ಲ. ಪರವಾನಗಿಯಿಲ್ಲದ ಕಳ್ಳನ ಕೈಯಲ್ಲಿ ಕೋವಿ ಇರುವುದೇ ಅಂಥ ಅಪರಾಧ. ಅಮೆರಿಕದ ಒಕ್ಕೂಟ ಕಾನೂನು, ಲೈಸೆನ್ಸ್ ಪಡೆದ ಬಂದೂಕು ವ್ಯಾಪಾರಿಯು ಕಳವಿನ ವಿಷಯವನ್ನು 48 ಗಂಟೆಯೊಳಗೆ ತಿಳಿಸಬೇಕೆನ್ನುತ್ತದೆ. ಮನೆಯಲ್ಲಿ ಬಂದೂಕಿಟ್ಟುಕೊಂಡ ಸಾಮಾನ್ಯನ ಮಾತನ್ನು ಆಯಾ ರಾಜ್ಯಕ್ಕೆ ಬಿಟ್ಟಿದೆ. ಆ ಲೆಕ್ಕದಲ್ಲಿ ನಮ್ಮದೇ ಬಿಗಿ.

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯೂ ದೂರುದಾರನ ಪರವಾಗಿದೆ. ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಎಫ್‌ಐಆರ್ ಪ್ರತಿ ಪುಕ್ಕಟೆ. ಠಾಣೆಯವರು ಬರೆದುಕೊಳ್ಳದಿದ್ದರೆ ಎಸ್‌ಪಿಗೆ ಬರೆಯಬಹುದು, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಹೋಗಬಹುದು. ತನಿಖೆ ಎಲ್ಲಿಗೆ ಬಂತೆಂದು 90 ದಿನದೊಳಗೆ ಪೊಲೀಸರೇ ತಿಳಿಸಬೇಕು.

ಹಾಗಾದರೆ ಎಡವುವುದು ಎಲ್ಲಿ? ಮೊದಲನೆಯದಾಗಿ, ಆ ಮೊದಲ ಪ್ರಶ್ನೆಯಲ್ಲಿ. ಬೀಗದ ವಿಷಯ ಕೇಳಲೇಬೇಕು, ಆಯುಧವನ್ನು ಭದ್ರವಾಗಿಡುವುದು ಒಡೆಯನ ಹೊಣೆ. ಆದರೆ ಅದೇ ಮೊದಲು ಬಂದರೆ ದೂರು ಕೊಡಲು ಬಂದವನು ಆರೋಪಿಯ ಬೆಂಚಿನಲ್ಲಿ ಕೂತಂತಾಗುತ್ತದೆ. ಊರಿನಲ್ಲಿ ಈ ಅಂಜಿಕೆ ಎಷ್ಟು ಬೇರೂರಿದೆಯೆಂದರೆ, ಕಳುವಾದದ್ದು ಗೊತ್ತಾದ ದಿನ ಮಾವನಿಗೆ ಸಿಕ್ಕ ಮೊದಲ ಸಲಹೆ, “ಎರಡು ದಿನ ಸುಮ್ನಿರಿ, ಲೈಸೆನ್ಸು ಹೋದೀತು.” ಮಾವ ಎರಡು ದಿನ ಸುಮ್ಮನಿದ್ದರು. ಜಾಡು ಬಿಸಿಯಾಗಿರುವುದೇ ಆ ಎರಡು ದಿನ. ತಡ ಮಾಡಿದ್ದು ಮಾವನ ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬೇಗ ಬಂದವನಿಗೂ ತಡವಾಗಿ ಬಂದವನಿಗೂ ಒಂದೇ ಮುಖ ತೋರಿಸುವ ಠಾಣೆ ಆ ತಪ್ಪಿಗೆ ನೀರೆರೆಯುತ್ತದೆ.

ಎರಡನೆಯದು ನಂಬರು. ಹನ್ನೆರಡು ಬೋರಿನ ತೋಟಾಕೋವಿಯ ನಳಿಗೆ ಒಳಗೆ ನುಣುಪು. ರೈಫಲಿನ ಗುಂಡಿನ ಮೇಲೆ ಬೀಳುವಂಥ ಗೀರು ಚರೆಯ ಮೇಲೆ ಬೀಳುವುದಿಲ್ಲ. ಹಾರಿಸಿದ ತೋಟಾದ ಬುಡ ಸಿಕ್ಕಿದರೆ ಅದರ ಮೇಲಿನ ಬಡಿತದ ಗುರುತನ್ನು ಪ್ರಯೋಗಾಲಯದವರು ಓದಬಲ್ಲರು. ಕೇಪಿನ ಕೋವಿಯಲ್ಲಿ ತೋಟಾವೇ ಇಲ್ಲದ್ದರಿಂದ ಅಷ್ಟೂ ಸಿಗುವುದಿಲ್ಲ. ಹಾಗಾಗಿ ಇಂಥ ಕೋವಿಯನ್ನು ಮನೆಗೆ ಕಟ್ಟಿಹಾಕುವ ಹಗ್ಗ ಅದರ ಮೇಲೆ ಕೊರೆದ ಅಂಕಿಯೇ. ಅರದಿಂದ ಉಜ್ಜಿ ಅಳಿಸಿದರೂ ಆಮ್ಲ ಹಾಕಿ ಆ ಅಂಕಿಯನ್ನು ಮತ್ತೆ ಎಬ್ಬಿಸುವ ವಿದ್ಯೆ ಇದೆ. ಆದರೆ ಎಬ್ಬಿಸಿದ ಅಂಕಿಯನ್ನು ಹೋಲಿಸಿ ನೋಡಲು ದೂರಿನಲ್ಲಿ ಅಂಕಿ ಇರಬೇಕಲ್ಲ! ಚುನಾವಣೆ ಬಂದಾಗಲೆಲ್ಲ ಕೋವಿಯನ್ನು ಠಾಣೆಗೆ ತಂದಿಡಿ ಎಂದು ಇದೇ ಠಾಣೆ ಹೇಳಿಕಳಿಸಿ, ನಂಬರು ನೋಡಿ ರಸೀದಿ ಕೊಡುತ್ತಿತ್ತು. ದೂರು ಕೊಟ್ಟ ದಿನ ಆ ಹಳೆಯ ರಿಜಿಸ್ಟರು ತೆರೆಯಬೇಕೆಂದು ಯಾರಿಗೂ ಹೊಳೆಯಲಿಲ್ಲ, ನಮಗೂ ಹೊಳೆಯಲಿಲ್ಲ.

ಮೂರನೆಯದು ಮತ್ತು ಎಲ್ಲಕ್ಕಿಂತ ದುರ್ಬಲವಾದದ್ದು, ದೂರಿನ ನಂತರದ ದಾರಿ. ದೂರು ಇರುವುದು ಠಾಣೆಯಲ್ಲಿ, ಪರವಾನಗಿ ಇರುವುದು ಡಿ.ಸಿ. ಆಫೀಸಿನಲ್ಲಿ. ದೇಶದ ಪರವಾನಗಿಗಳಿಗೆಲ್ಲ ಒಂದೊಂದು ವಿಶಿಷ್ಟ ಗುರುತಿನ ಸಂಖ್ಯೆ ಕೊಟ್ಟು ರಾಷ್ಟ್ರೀಯ ದತ್ತಾಂಶಕ್ಕೆ ಸೇರಿಸಿದ್ದಾರೆ. ಪೊಲೀಸರಿಗೆ ಅವರದೇ ಗಣಕಜಾಲವಿದೆ. ಆದರೂ ಮಾವನ ಮಟ್ಟಿಗೆ ಇವೆರಡರ ನಡುವಿನ ಸೇತುವೆ ಅವರ ಚೀಲದೊಳಗಿನ ಎಫ್‌ಐಆರ್‌ನ ಜೆರಾಕ್ಸ್ ಪ್ರತಿಯೇ ಆಗಿತ್ತು. ಡಿ.ಸಿ. ಆಫೀಸಿಗೆ ಮೂರು ಸಲ ಅಲೆದು ನಂಬರು ತಂದರು. ಅದು ಮರುಹೇಳಿಕೆಯಾಗಿ ಕಡತ ಸೇರುವಷ್ಟರಲ್ಲಿ ಕಾಫಿ ಕೊಯ್ಲು ಮುಗಿದಿತ್ತು. 90 ದಿನ ಕಳೆದರೂ ಠಾಣೆಯಿಂದ ಸುದ್ದಿಯಿಲ್ಲ. ವರ್ಷ ತುಂಬುವ ಹೊತ್ತಿಗೆ ಬಂದದ್ದು ‘ಸಿ’ ರಿಪೋರ್ಟಿನ ನೋಟಿಸು, ಅಂದರೆ ಪ್ರಕರಣ ಪತ್ತೆಯಾಗಲಿಲ್ಲ.

ಪತ್ತೆಯಾಗದ್ದಕ್ಕೆ ನನ್ನ ತಕರಾರಿಲ್ಲ. ಕೈಬೆರಳೆಣಿಕೆಯ ಸಿಬ್ಬಂದಿ ಹತ್ತಾರು ಹಳ್ಳಿ ನೋಡಿಕೊಳ್ಳುವ ಠಾಣೆ ಅದು. ತಕರಾರು ಇರುವುದು, ಆ ವರದಿಯಲ್ಲೂ ಕೋವಿ ಬಳೆಯ ಪಕ್ಕದಲ್ಲೇ ಕೂತದ್ದಕ್ಕೆ. ಬಳೆಯ ಕಡತ ಮುಚ್ಚಬಹುದು. ಕೋವಿಯ ನಂಬರು ಮಾತ್ರ ಸಿಗುವವರೆಗೂ ಅಕ್ಕಪಕ್ಕದ ಠಾಣೆ, ಅರಣ್ಯ ಇಲಾಖೆ, ಬಂದೂಕು ರಿಪೇರಿ ಅಂಗಡಿಗಳ ಗೋಡೆಯ ಮೇಲೆ ಇರಬೇಕು. ಕಳ್ಳಶಿಕಾರಿಯವರ ಹತ್ತಿರ ಕೋವಿ ಹಿಡಿದು ಮಹಜರು ಬರೆಯುವ ಅರಣ್ಯ ಸಿಬ್ಬಂದಿಗೆ, ಅದು ಯಾರ ಮನೆಯದೆಂದು ಆ ಕ್ಷಣದಲ್ಲೇ ತಿಳಿಯಬೇಕು.

ಈ ಮಾತು ಕೊಡಗಿಗೂ ಸಲ್ಲುತ್ತದೆ. ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿಯಂತೆ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಗೆ ಲೈಸೆನ್ಸ್ ಬೇಕಿಲ್ಲ. 2019ರಲ್ಲಿ ಕೇಂದ್ರ ಅದನ್ನು 2029ರವರೆಗೆ ವಿಸ್ತರಿಸಿತು, 2021ರಲ್ಲಿ ಹೈಕೋರ್ಟು ಎತ್ತಿಹಿಡಿಯಿತು. ಕೈಲ್‌ಪೊಳ್ದ್ ಹಬ್ಬದಲ್ಲಿ ಹೂವಿಟ್ಟು ಪೂಜಿಸುವ ತೋಕ್, ಅಂದರೆ ಕೋವಿ, ಅಲ್ಲಿ ಮನೆತನದ ಮಾನ. ಲೈಸೆನ್ಸ್ ಬೇಡ ಎಂದರೆ ಲೆಕ್ಕ ಬೇಡ ಎಂದಲ್ಲ. ಪೂಜೆಗೆ ಇಳಿಸಿದ ದಿನವೇ ನಂಬರನ್ನೂ ಒಮ್ಮೆ ಬರೆದಿಟ್ಟರೆ ಆ ಮಾನಕ್ಕೆ ಕುಂದೇನಿಲ್ಲ.

ಒಟ್ಟಿನಲ್ಲಿ, ಬರಹದಲ್ಲಿ ಗಟ್ಟಿಯಾದ ಕಾನೂನು ನಮ್ಮದು, ಅಭ್ಯಾಸ ಮಾತ್ರ ಜಾಳು. ದೂರು ಕೊಡುವುದು ಕೋವಿ ಹುಡುಕುವ ಕೆಲಸದ ಮೊದಲ ಹೆಜ್ಜೆಯಾಗಬೇಕಿತ್ತು. ನಾಳೆ ಆ ಕೋವಿಯಿಂದ ಏನಾದರೂ ಆದರೆ ‘ನನ್ನದಲ್ಲ’ ಎಂದು ತೋರಿಸಲು ಒಡೆಯ ಇಟ್ಟುಕೊಳ್ಳುವ ಕಾಗದವಾಗಿ ಅದು ಉಳಿದಿದೆ. ಠಾಣೆಗೂ ಒಡೆಯನಿಗೂ ಈ ಕಾಗದ ಸಾಕಾಗುತ್ತದೆ. ಕೋವಿಯ ಎದುರಿಗೆ ಸಿಗುವವನಿಗೆ ಸಾಕಾಗುವುದಿಲ್ಲ.

ಮನೆಯಲ್ಲಿ ಕೋವಿ ಇರುವವರು ಇವತ್ತೇ ಬೀರು ತೆಗೆಯಿರಿ. ಕೋವಿಯ ನಂಬರು, ತಯಾರಕರ ಹೆಸರು, ಲೈಸೆನ್ಸಿನ ಪುಟಗಳ ಫೋಟೊ ತೆಗೆದು ಬೇರೆ ಊರಿನಲ್ಲಿರುವ ಮಗಳಿಗೋ ತಮ್ಮನಿಗೋ ಕಳಿಸಿ. ಕಳುವಾದರೆ ಅದೇ ದಿನ ಠಾಣೆಗೆ ಹೋಗಿ, ಎಫ್‌ಐಆರ್‌ನಲ್ಲಿ ನಂಬರು ಬಂದಿದೆಯೇ ಎಂದು ಓದಿ ನೋಡಿ ಸಹಿ ಮಾಡಿ, ಪ್ರತಿಯೊಂದನ್ನು ಡಿ.ಸಿ. ಆಫೀಸಿಗೆ ನೀವೇ ಕೊಟ್ಟು ಸ್ವೀಕೃತಿ ಪಡೆಯಿರಿ. ಮಾವನ ಕೋವಿ ಇನ್ನೂ ಸಿಕ್ಕಿಲ್ಲ.