ಕೃಪೆಯೂ ಹಕ್ಕೂ: ಜೋಲಾನ ಅಂಗಡಿಯ ಕಥೆ

ಫ್ರೆಂಚ್ ಕಾದಂಬರಿಕಾರನಾದ ಎಮಿಲ್ ಜೋಲಾ 1883ರಲ್ಲಿ ಪ್ರಕಟಿಸಿದ ‘ಓ ಬೊನೆರ್ ದೆ ದಾಮ್’ ಎಂಬ ಗ್ರಂಥಕ್ಕೆ ಪ್ಯಾರಿಸ್ ನಗರದ ಒಂದು ಮಹಾ ಜವಳಿ ಅಂಗಡಿಯೇ ರಂಗಸ್ಥಳ. ‘ಸ್ತ್ರೀಯರ ಸೌಖ್ಯ’ವೆಂದು ಅಂಗಡಿಯ ಹೆಸರಿನ ಅರ್ಥ, ಅಲ್ಲಿ ದುಡಿವ ಸ್ತ್ರೀಯರಿಗೆ ಆ ಸೌಖ್ಯವೆಷ್ಟೆಂಬುದೇ ಗ್ರಂಥದ ಜೀವಾಳ.

ತಂದೆತಾಯಿಗಳನ್ನು ಕಳೆದುಕೊಂಡ ದನೀಸ್ ಎಂಬ ಕನ್ಯೆಯು ಇಬ್ಬರು ತಮ್ಮಂದಿರೊಡನೆ ಹಳ್ಳಿಗಾಡಿನಿಂದ ಬಂದು ಈ ಅಂಗಡಿಯನ್ನು ಸೇರುವಳು. ಮೊದಲಲ್ಲಿ ಗೊತ್ತಾದ ಸಂಬಳವಿಲ್ಲ; ಮಾರಾಟದ ಮೇಲಣ ಕಮಿಷನ್ನೇ ಗತಿ. ದಿನವಿಡೀ ನಿಂತು ಕಾಲುಗಳು ಬಾಯುವುವು; ಮಲಗಲು ಛಾವಣಿಯ ಕೆಳಗಣ ಇಕ್ಕಟ್ಟಾದ ಕೋಣೆ. ಬೇಸಗೆಯಲ್ಲಿ ವ್ಯಾಪಾರ ಕುಗ್ಗಿತೆಂದರೆ ಅಲ್ಪದೋಷವನ್ನೇ ನೆವಮಾಡಿ ಗುಂಪುಗುಂಪಾಗಿ ಕೆಲಸದಿಂದ ತೆಗೆಯುವರು. ಅಂಥ ಅಂಗಡಿಗಳನ್ನು 1882ರಲ್ಲಿ ಸ್ವತಃ ನೋಡಿ ಟಿಪ್ಪಣಿ ಮಾಡಿಕೊಂಡಿದ್ದ ಕರ್ತೃವಿಗೆ ಉತ್ಪ್ರೇಕ್ಷೆಯು ಅವಶ್ಯವಾಗಲಿಲ್ಲ. ಮಾಲಿಕನಾದ ಮೂರೆಯೂ ದುಷ್ಟನಲ್ಲ. ಅಲ್ಪ ಲಾಭಕ್ಕೆ ಬೇಗ ಮಾರಿ, ಬಂಡವಾಳವನ್ನು ವರ್ಷದಲ್ಲಿ ಹಲವು ಬಾರಿ ತಿರುಗಿಸುವ ವ್ಯಾಪಾರಕ್ರಮವೇ ಇಲ್ಲಿಯ ಪ್ರತಿನಾಯಕ. ಜೋಲಾನ ಹಿರಿಮೆ ಇದನ್ನು ಕಂಡುದರಲ್ಲಿದೆ.

ದೋಷವಿರುವುದು ನಿರ್ವಹಣದಲ್ಲಿ. ಮೂರೆಯು ದನೀಸಳಲ್ಲಿ ಅನುರಕ್ತನಾಗುವನು. ಅವಳ ಮಾತಿನಂತೆ ಬೇಸಗೆಯ ವಜಾಕ್ಕೆ ಬದಲು ರಜೆ ದೊರೆಯುವುದು. ಸಹಾಯನಿಧಿ, ಪುಸ್ತಕಾಲಯಗಳು ಏರ್ಪಡುವುವು. ಕಡೆಗೆ ವಿವಾಹದೊಡನೆ ಕಥೆ ಮುಗಿಯುವುದು. ಕರುಣದಲ್ಲಿ ತೊಡಗಿದುದು ಶೃಂಗಾರದಲ್ಲಿ ಪರ್ಯವಸಾನವಾಯಿತೆಂದು ಆಲಂಕಾರಿಕರು ಆಕ್ಷೇಪಿಸಲಾರರು. ಆದರೆ ಅಷ್ಟು ಜನರ ಅನ್ನವು ಒಬ್ಬನ ಪ್ರೇಮವನ್ನು ನೆಚ್ಚಿ ನಿಂತಿತಲ್ಲವೆ? ಕೃಪೆಯಿಂದ ಬಂದುದನ್ನು ಮುನಿಸು ಮರಳಿ ಕಸಿಯಬಲ್ಲುದು.

ಲೋಕದಲ್ಲಿ ಪರಿಹಾರವು ಬಂದ ದಾರಿ ಬೇರೆ. ಅಂಗಡಿಯ ಹೆಂಗಸರಿಗೆ ಕೂಡಲು ಆಸನವಿರಬೇಕೆಂದು ಇಂಗ್ಲೆಂಡು 1899ರಲ್ಲಿಯೂ ಫ್ರಾನ್ಸು 1900ರಲ್ಲಿಯೂ ಶಾಸನ ಮಾಡಿದುವು. ಭಾರತದಲ್ಲಿಯೂ ಇದೇ ಕಷ್ಟವು ಬಹುಕಾಲ ಉಳಿದಿತ್ತು. ನೆರೆಯ ಕೇರಳದ ಜವಳಿ ಅಂಗಡಿಗಳ ಹೆಂಗಸರು ಸಂಘಕಟ್ಟಿ ಹೋರಾಡಿದ ಮೇಲೆ, 2018ರಲ್ಲಿ ಅಲ್ಲಿಯ ಸರ್ಕಾರವು ಕೂಡುವ ಹಕ್ಕನ್ನು ಕಾನೂನಿಗೆ ಸೇರಿಸಿತು. 2021ರಲ್ಲಿ ತಮಿಳುನಾಡು ಅದನ್ನನುಸರಿಸಿತು. ಇವರಲ್ಲಿ ಯಾರೂ ಮಾಲಿಕನ ಮನಸ್ಸನ್ನು ಗೆಲ್ಲಬೇಕಾಗಲಿಲ್ಲ.

ಅಂಗಡಿಯ ಒಡತಿಯಾಗುವ ಭಾಗ್ಯ ಕಥೆಯಲ್ಲಿ ಒಬ್ಬಳಿಗೆ ಮಾತ್ರ. ದಣಿದ ಕಾಲಿಗೆ ಒಂದು ಪೀಠವಾದರೋ ಎಲ್ಲರಿಗೂ ಬೇಕಾದುದು. ವಾಚಕರು ಈ ಗ್ರಂಥವನ್ನು ಅದರ ವಿವಾಹಕ್ಕಾಗಿಯಲ್ಲದೆ ಅದರ ಬೇಸಗೆಯ ಅಧ್ಯಾಯಕ್ಕಾಗಿ ಓದತಕ್ಕುದು.