ಪೆಟ್ಟಿಗೆ ಬಿಚ್ಚಿಸಿದ ತಾಯಿ

ಸತ್ತ ಮಗುವಿನ ಫೋಟೋ ಯಾರದು? ತೆಗೆದವನದೋ, ಅಚ್ಚು ಹಾಕಿದವನದೋ, ಹೆತ್ತವಳದೋ? ಇದನ್ನು ಕೇಳದೆ ಕಲೆ, ಕರುಣೆ ಅಂತ ಮಾತಾಡುವ ವಿಮರ್ಶೆ ನಮಗೆ ಬೇಕಾಗಿಲ್ಲ.

ಎಮೆಟ್ ಟಿಲ್ ಅಮೆರಿಕದ ಷಿಕಾಗೋದ ಕಪ್ಪು ಹುಡುಗ, ವಯಸ್ಸು 14. 1955ರ ಆಗಸ್ಟಿನಲ್ಲಿ ಮಿಸಿಸಿಪ್ಪಿಯ ನೆಂಟರೂರಿಗೆ ಹೋಗಿದ್ದ. ಬಿಳಿಯ ಹೆಂಗಸಿನೊಡನೆ ಸಲಿಗೆ ತೋರಿದ ಅಂತ ಆಕೆಯ ಗಂಡನೂ ಗಂಡನ ಮಲಸೋದರನೂ ಅವನನ್ನು ಹೊತ್ತೊಯ್ದು ಕೊಂದು, ಕೊರಳಿಗೆ ಹತ್ತಿ ಗಿರಣಿಯ ಫ್ಯಾನು ಕಟ್ಟಿ ಹೊಳೆಗೆ ಎಸೆದರು. ಹೆಣ ಮುಚ್ಚಿದ ಪೆಟ್ಟಿಗೆಯಲ್ಲಿ ಬಂತು. ತಾಯಿ ಮೇಮಿ ಟಿಲ್ ಬಿಚ್ಚಿಸಿದಳು. ಮುಖ ತಿದ್ದಿಕೊಡುತ್ತೇವೆ ಅಂದರೆ ಬೇಡ ಅಂದಳು. ಸಾವಿರಾರು ಜನ ಸಾಲುಗಟ್ಟಿ ನೋಡಿದರು. ಕಪ್ಪು ಜನರ ‘ಜೆಟ್’ ಪತ್ರಿಕೆಯಲ್ಲಿ ಆ ಮುಖದ ಫೋಟೋ ಅಚ್ಚಾಯಿತು.

ಇನ್ನೊಂದು ಸಂಗತಿ ಗಮನಿಸಬೇಕು. ಪೆಟ್ಟಿಗೆಯ ಮುಚ್ಚಳಕ್ಕೆ ಆಕೆ ಮಗನ ಕ್ರಿಸ್‌ಮಸ್ ಫೋಟೋಗಳನ್ನು ಸಿಕ್ಕಿಸಿದ್ದಳು. ಬರೀ ಹೆಣ ನೋಡಿ ಅಯ್ಯೋ ಅಂದು ಹೋಗೋ ಹಾಗಿರಲಿಲ್ಲ. ಕೊಂದದ್ದು ಯಾರನ್ನ ಅಂತಲೂ ನೋಡಬೇಕಿತ್ತು.

ಕೋರ್ಟಿನಲ್ಲಿ ಆರೋಪಿಗಳ ವಕೀಲರು ಹೆಣವೇ ಎಮೆಟ್‌ನದಲ್ಲ ಅಂತ ವಾದ ಹೂಡಿದರು. ಆಗ ಹೆಣದ ಫೋಟೋ ಹಿಡಿದು, ಇವನು ನನ್ನ ಮಗನೇ ಅಂತ ಆ ತಾಯಿ ಹೇಳಬೇಕಾಯಿತು. ಬಿಳಿಯರಷ್ಟೇ ಇದ್ದ ಜ್ಯೂರಿ ಇಬ್ಬರನ್ನೂ ಬಿಟ್ಟಿತು. 1956ರಲ್ಲಿ ಅವರು ಹಣ ತಗೊಂಡು ‘ಲುಕ್’ ಪತ್ರಿಕೆಗೆ ತಾವೇ ಕೊಂದದ್ದು ಅಂತ ಹೇಳಿದರು.

2017ರಲ್ಲಿ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಮ್ಮಿನಲ್ಲಿ ಅದೇ ಮುಖದ ವರ್ಣಚಿತ್ರ ತೂಗುಹಾಕಿದರು. ಬರೆದಾಕೆ ಬಿಳಿಯ ಕಲಾವಿದೆ ಡಾನಾ ಷುಟ್ಜ್. ತಾನೂ ತಾಯಿ, ಆ ಸಂಕಟ ತನಗೆ ತಿಳಿಯುತ್ತದೆ ಅನ್ನುವ ಧಾಟಿಯಲ್ಲಿ ಆಕೆ ಸಮರ್ಥಿಸಿಕೊಂಡಳು. ಕಪ್ಪು ಕಲಾವಿದರು ಪ್ರತಿಭಟಿಸಿದರು. ಅದು ನ್ಯಾಯವೇ. ಮೇಮಿ ತೋರಿಸಿದ್ದು ಕೊಲೆ. ಷುಟ್ಜ್ ಬಣ್ಣದ ದಪ್ಪ ಪದರದಲ್ಲಿ ತೋರಿಸಿದ್ದು ತನ್ನ ಮರುಕ.

1972ರಲ್ಲಿ ಮುಂಬಯಿಯ ದಲಿತ ಪ್ಯಾಂಥರ್ಸ್ ಹೆಸರು ತಂದದ್ದು ಆ ನಾಡಿನ ಕಪ್ಪು ಹೋರಾಟದಿಂದ. ಈ ಪಾಠವನ್ನೂ ಅಲ್ಲಿಂದ ತರಬೇಕು. ಕೇರಿಯ ಮಗು ಸತ್ತರೆ ಅದರ ಫೋಟೋ ಇವತ್ತು ಹೂಳುವ ಮೊದಲೇ ಮೊಬೈಲುಗಳಲ್ಲಿ ಹರಿದಾಡುತ್ತದೆ. ಸ್ಟುಡಿಯೋ ಕಾಲದಲ್ಲಿ ಎಷ್ಟೋ ಬಡವರ ಮನೆಯಲ್ಲಿ ಮಗುವಿನ ಮೊದಲ ಫೋಟೋನೇ ಕೊನೇದೂ ಆಗಿತ್ತು. ಅದನ್ನ ಒಬ್ಬ ಅವ್ವ ಗೋಡೆಗೆ ಹಾಕಿದಳು, ಇನ್ನೊಬ್ಬಳು ಪೆಟ್ಟಿಗೆಯ ತಳಕ್ಕೆ ಹಾಕಿದಳು. ಎರಡೂ ಅವರವರ ಹಕ್ಕು. ಹೋರಾಟಕ್ಕೆ ಸಾಕ್ಷಿ ಬೇಕು, ಒಪ್ಪೋಣ. ಆದರೆ ಕರಪತ್ರ ಅಚ್ಚಿಗೆ ಹೋಗುವ ಮೊದಲು ಆ ಮನೆಯ ಬಾಗಿಲಿಗೆ ಹೋಗಿ, ‘ಅವ್ವಾ, ಹಾಕಬಹುದಾ?’ ಅಂತ ಕೇಳಬೇಕು. ಬೇಡ ಅಂದರೆ ಹಾಕಬಾರದು.