ದರೋಜಿಯ ಬುರ್ರಕಥೆಯೂ ಕೆಲ್ಟಿಕ್ ಗಾನವೂ

ತೋರಣಗಲ್ಲಿಗೆ ನೆರೆಯದಾದ ದರೋಜಿ ಗ್ರಾಮದ ಈರಮ್ಮನವರು 2014ನೆಯ ಇಸವಿ ಆಗಸ್ಟ್ 12ರಂದು ತೀರಿಕೊಂಡರು. 1930ರಲ್ಲಿ ಬುಡ್ಗಜಂಗಮರೆಂಬ ಅಲೆಮಾರಿಗಳ ಕುಲದಲ್ಲಿ ಹುಟ್ಟಿದ ಅವರು ಕುಲವೃತ್ತಿಯಾದ ಬುರ್ರಕಥೆಯನ್ನು ಎಳವೆಯಲ್ಲಿಯೇ ತಂದೆಯ ಬಾಯಿಂದ ಕಲಿತರು. ಅಕ್ಷರಾಭ್ಯಾಸದ ನೆರವಿಲ್ಲದೆ ಹನ್ನೆರಡು ಕಥನಕಾವ್ಯಗಳನ್ನು ಕಂಠದಲ್ಲಿ ಧರಿಸಿದ್ದರು. ಪಾಠಶಾಲೆಗಳಲ್ಲಿ ಅಮರವನ್ನೂ ರಘುವಂಶವನ್ನೂ ಉರುಹಚ್ಚಿದವರಿಗೆ ಕಂಠಪಾಠದ ಕಷ್ಟವೆಂಥದೆಂಬುದು ಗೊತ್ತು. ಆದರೆ ಅವರು ಮರೆತರೆ ತೆರೆದು ನೋಡುವುದಕ್ಕೆ ಒಂದು ಗ್ರಂಥವಿರುತ್ತದೆ. ಈರಮ್ಮನವರಿಗೆ ಅಂಥ ಗ್ರಂಥವಿರಲಿಲ್ಲ. ಕಥೆಯನ್ನು ಪ್ರತಿಯೊಂದು ರಾತ್ರಿಯೂ ಹೊಸದಾಗಿ ಕಟ್ಟಿಕೊಳ್ಳಬೇಕಾಗಿದ್ದಿತು. ಇದನ್ನು ಕೇವಲ ಜ್ಞಾಪಕಶಕ್ತಿಯೆಂದು ಕೊಂಡಾಡುವವರು ಅವರ ಕವಿತ್ವವನ್ನು ಮರೆತಂತೆಯೇ ಸರಿ.

ಸರ್ಕಾರವು 1999ರಲ್ಲಿ ಅವರಿಗೆ ರಾಜ್ಯೋತ್ಸವ ಪ್ರಶಸ್ತಿಯನ್ನು ಕೊಟ್ಟಿತು. ಹಂಪಿಯ ಕನ್ನಡ ವಿಶ್ವವಿದ್ಯಾಲಯವು ನಾಡೋಜ ಗೌರವವನ್ನಿತ್ತುದಲ್ಲದೆ ಅವರ ಕಾವ್ಯಗಳನ್ನು ಬರೆಯಿಸಿ ಅಚ್ಚು ಮಾಡಿಸಿತು. ಇದು ಸಾಮಾನ್ಯವಾದ ಉಪಕಾರವಲ್ಲ. ಆದರೂ ಆ ಪುಸ್ತಕಗಳನ್ನು ತೆರೆದು ಕುಳಿತ ವಾಚಕನಿಗೆ ಒಂದು ಸಂದೇಹವು ಹುಟ್ಟದೆ ಇರದು. ಕಂಪಿಲರಾಯನ ಮಗನಾದ ಕುಮಾರರಾಮನ ಕಥೆಯನ್ನೇ ತೆಗೆದುಕೊಳ್ಳಬಹುದು. ಅದು ಈ ಸೀಮೆಯದೇ ಕಥೆ. ಕುಮ್ಮಟದುರ್ಗವೂ ಕಂಪ್ಲಿಯೂ ಇಲ್ಲಿಗೆ ದೂರವಲ್ಲ. ದಿಲ್ಲಿಯ ಸೈನ್ಯವು ಆ ರಾಜ್ಯವನ್ನು 1327ರ ಸುಮಾರಿಗೆ ಹಾಳುಮಾಡಿದ ನೆನಪು ಇಲ್ಲಿನ ಗುಡ್ಡಗಳಲ್ಲಿ ಇನ್ನೂ ಇದೆ. ನಂಜುಂಡ ಕವಿಯೇ ಮೊದಲಾದವರು ಇದನ್ನು ಸಾಂಗತ್ಯದಲ್ಲಿ ಬರೆದಿರುವರು. ನಂಜುಂಡನ ಕೃತಿಯನ್ನು ಓದಿದವನು ಈರಮ್ಮನವರ ಕಥನವನ್ನೂ ಅದೇ ಕಣ್ಣಿನಿಂದ ಓದಲೆಳಸುತ್ತಾನೆ. ಆಗ ಅವನಿಗೆ ಪುಟಪುಟಕ್ಕೂ ಪುನರುಕ್ತಿಯೆಂಬ ದೋಷವು ಎದುರಾಗುತ್ತದೆ. ಒಂದೇ ವಿಶೇಷಣ, ಒಂದೇ ಪಲ್ಲವಿ, ಒಂದೇ ಸಂಬೋಧನೆ ಮತ್ತೆ ಮತ್ತೆ ಬರುವುವು. ಆಲಂಕಾರಿಕರ ಸೂತ್ರವನ್ನು ಕೈಯಲ್ಲಿ ಹಿಡಿದವನಿಗೆ ಇದು ಬೇಸರವಲ್ಲದೆ ಮತ್ತೇನು?

ಆದರೆ ಅದು ದೋಷವಲ್ಲ. ಬುರ್ರಕಥೆಯಲ್ಲಿ ಹಾಡುವವರು ಒಬ್ಬರಲ್ಲ. ಮುಂದೆ ನಿಂತವರು ಬೆರಳಿನ ಗಗ್ಗರವನ್ನು ನುಡಿಸುತ್ತ ಕಥೆಯನ್ನೆತ್ತಿಕೊಂಡರೆ, ಹಿಮ್ಮೇಳದವರು ಬುರ್ರದ ದನಿಯೊಡನೆ ಆ ಸೊಲ್ಲನ್ನು ಹಿಡಿದು ಹಿಂದಿರುಗಿಸುವರು. ಈರಮ್ಮನವರ ಹಿಮ್ಮೇಳದಲ್ಲಿ ನಿಂತವರು ಅವರ ಬಂಧುಬಳಗದ ಹೆಂಗಸರು. ಹಿಂದಿರುಗಿ ಬಂದ ಸೊಲ್ಲಿನ ಅವಕಾಶದಲ್ಲಿಯೇ ಮುಂದಿನವರು ಉಸಿರನ್ನು ಸೆಳೆದುಕೊಂಡು ಮುಂದಿನ ಸಾಲನ್ನು ಮನಸ್ಸಿನಲ್ಲಿ ಕಟ್ಟಿಕೊಳ್ಳಬೇಕು. ಅಚ್ಚಿನಲ್ಲಿ ಪುನರುಕ್ತಿಯಾಗಿ ಕಾಣುವುದು ಹಾಡಿನಲ್ಲಿ ಇಬ್ಬರ ಉಸಿರು ಒಂದನ್ನೊಂದು ತಾಕುವ ಸ್ಥಾನ. ಮಾತು ಮುಗಿದು ರಾಗ ಮೊದಲಾಗುವ ಎಡೆ, ನಡುವೆ ಬರುವ ಗದ್ಯದ ಓಟ, ಯುದ್ಧದ ವರ್ಣನೆಯಲ್ಲಿ ಏರುವ ಲಯ, ಇವು ಒಂದೂ ಪುಟದ ಮೇಲೆ ನಿಲ್ಲತಕ್ಕವಲ್ಲ. ಕಥೆ ಉಳಿಯಿತು, ಗಾನವು ಬಹುಮಟ್ಟಿಗೆ ಹೊರಗೆ ನಿಂತಿತು.

ಇದಕ್ಕೆ ತಿರುವುಮುರುವಾದ ಒಂದು ನಿದರ್ಶನವು ಐರ್ಲೆಂಡ್ ದೇಶದಲ್ಲಿ ದೊರೆಯುತ್ತದೆ. ಉಕ್ಕಿನ ಕಾರ್ಖಾನೆಯ ನೆರಳಿನಲ್ಲಿ ಬೆಳೆದ ಇಲ್ಲಿನ ತರುಣರಲ್ಲಿ ಕೆಲವರು ಆ ದೇಶದ ಪಿಟೀಲಿನ ಗತ್ತುಗಳನ್ನು ಮೊಬೈಲಿನಲ್ಲಿ ಕೇಳಿ ತಲೆದೂಗುವುದುಂಟು. ಆದುದರಿಂದ ಇದನ್ನು ಇಲ್ಲಿ ಹೇಳುವುದು ಅಪ್ರಸ್ತುತವಾಗಲಾರದು. 1792ರ ಜುಲೈ ತಿಂಗಳಲ್ಲಿ ಬೆಲ್‌ಫಾಸ್ಟ್ ಪಟ್ಟಣದ ಕೆಲವು ಸದ್ಗೃಹಸ್ಥರು, ತಮ್ಮ ನಾಡಿನ ಹಾರ್ಪ್ ವಾದ್ಯದ ವಿದ್ಯೆಯು ನಶಿಸುತ್ತಿದೆಯೆಂದು ಮರುಗಿ, ಉಳಿದ ವಾದಕರನ್ನೆಲ್ಲ ಕೂಡಿಸಿದರು. ಬಂದವರು ಐರಿಷರು ಹತ್ತು ಮಂದಿ, ವೇಲ್ಸಿನವನೊಬ್ಬ. ಅವರಲ್ಲಿ ಹಲವರು ಅಂಧರು. ಎಲ್ಲರಿಗಿಂತ ಹಿರಿಯನಾದ ಡೆನಿಸ್ ಹೆಂಪ್ಸನ್ ತೊಂಬತ್ತು ದಾಟಿದ ಮುದುಕ. ಪ್ರಾಚೀನ ಪದ್ಧತಿಯಂತೆ ಉದ್ದವಾದ ಉಗುರುಗಳಿಂದ ಲೋಹದ ತಂತಿಗಳನ್ನು ಮೀಟುತ್ತಿದ್ದವನು ಆ ಸಭೆಯಲ್ಲಿ ಅವನೊಬ್ಬನೇ. ಹತ್ತೊಂಬತ್ತು ವರ್ಷದ ಎಡ್ವರ್ಡ್ ಬಂಟಿಂಗ್ ಎಂಬ ತರುಣನನ್ನು ರಾಗಗಳನ್ನು ಬರೆದುಕೊಳ್ಳುವುದಕ್ಕೆಂದು ನೇಮಿಸಿದ್ದರು. ಅವನು ಆ ಮೂರು ನಾಲ್ಕು ದಿನಗಳಲ್ಲಿ ಕೇಳಿದುದರಿಂದ ಎಷ್ಟು ಕದಲಿದನೆಂದರೆ, ಮುಂದೆ ತನ್ನ ಆಯುಷ್ಯವನ್ನೆಲ್ಲ ಅದಕ್ಕೇ ಮುಡಿಪಾಗಿಟ್ಟನು. 1796, 1809, 1840ರಲ್ಲಿ ಮೂರು ಸಂಪುಟಗಳನ್ನು ಹೊರಡಿಸಿದನು.

ಬಂಟಿಂಗನು ಬರೆದುಕೊಂಡುದು ಸ್ವರವನ್ನು. ಹಾಡಿನ ಐರಿಷ್ ಮಾತುಗಳು ಮೊದಲಿಗೆ ಅವನ ಕೈಗೆ ಹತ್ತಲಿಲ್ಲ. ಅವನ್ನು ಕೂಡಿಹಾಕುವುದಕ್ಕೆ ಭಾಷೆ ಬಲ್ಲ ಮತ್ತೊಬ್ಬನನ್ನು ಹತ್ತು ವರ್ಷಗಳ ಮೇಲೆ ಹಳ್ಳಿಗಳಿಗೆ ಅಟ್ಟಬೇಕಾಯಿತು. ಅಷ್ಟೇ ಅಲ್ಲದೆ ಸ್ವರಗಳನ್ನೂ ಅವನು ಪಿಯಾನೊ ವಾದ್ಯಕ್ಕೆ ಒಗ್ಗುವಂತೆ ತಿದ್ದಿ ಅಚ್ಚಿಸಿದನು. ಅಲ್ಲಿ ಸ್ವರವು ಉಳಿದು ಮಾತು ಹಿಂದೆ ಬಿದ್ದಿತು, ಇಲ್ಲಿ ಮಾತು ಉಳಿದು ಸ್ವರವು ಹಿಂದೆ ಬಿದ್ದಿದೆ. ಎರಡು ಕಡೆಯೂ ಬರೆದುಕೊಂಡವರು ಪ್ರಾಮಾಣಿಕರು, ಶ್ರಮಜೀವಿಗಳು. ಆದರೆ ಬರೆಯುವವನು ತನಗೆ ಪರಿಚಿತವಾದುದನ್ನೇ ಕೇಳುತ್ತಾನೆ. ಸಂಗೀತಗಾರನಾದ ಬಂಟಿಂಗನು ಸ್ವರವನ್ನು ಕೇಳಿದನು. ಸಾಹಿತ್ಯಜ್ಞರಾದ ನಮ್ಮ ವಿದ್ವಾಂಸರು ಸಾಹಿತ್ಯವನ್ನು ಕೇಳಿದರು.

ಕೆಲ್ಟಿಕ್ ಎಂಬ ಹೆಸರಿನ ವಿಷಯದಲ್ಲಿ ಒಂದು ಮಾತನ್ನು ಇಲ್ಲಿಯೇ ಹೇಳಿಬಿಡುವುದು ಲೇಸು. ಐರಿಷ್, ಸ್ಕಾಟ್ಲೆಂಡಿನ ಗೇಲಿಕ್, ಮ್ಯಾಂಕ್ಸ್, ವೆಲ್ಷ್, ಕಾರ್ನಿಷ್, ಫ್ರಾನ್ಸಿನ ಪಶ್ಚಿಮದ ಬ್ರೆಟನ್, ಈ ಆರು ಭಾಷೆಗಳು ಒಂದು ಕುಲದವು. ಆದರೆ ಭಾಷೆಗಳು ಒಂದು ಕುಲದವಾದ ಮಾತ್ರಕ್ಕೆ ಗಾನಗಳೂ ಒಂದೇ ಆಗಲಾರವು. ಅಂಗಡಿಯವನು ತಟ್ಟೆಗಳನ್ನು ಜೋಡಿಸಿಡಲು ಬೇಕಾದ ಹೆಸರನ್ನು ಕೇಳುಗನು ಶಾಸ್ತ್ರವೆಂದು ಭ್ರಮಿಸಬಾರದು. ನಮ್ಮಲ್ಲಿ ಜಾನಪದವೆಂಬ ಶಬ್ದವೂ ಇದೇ ಕೆಲಸವನ್ನು ಮಾಡುತ್ತಿದೆ. ಗರತಿಯ ತ್ರಿಪದಿ, ಗೊಂದಲಿಗರ ಮೇಳ, ತತ್ತ್ವಪದ, ಬುರ್ರಕಥೆ ಎಲ್ಲವೂ ಆ ಒಂದೇ ಚೀಲದೊಳಗೆ! ಮನೆಯಲ್ಲಿ ತೆಲುಗನ್ನಾಡುವ ಕುಲದಲ್ಲಿ ಹುಟ್ಟಿ ಕನ್ನಡದಲ್ಲಿ ಹಾಡಿದ ಈರಮ್ಮನವರನ್ನು ಯಾವ ಒಂದು ಹೆಸರು ಪೂರ್ತಿಯಾಗಿ ಹಿಡಿದೀತು?

ಅವರಿಗೆ ನಿಜವಾಗಿ ಹೋಲಿಕೆಯಾಗತಕ್ಕವಳು ಸ್ಕಾಟ್ಲೆಂಡಿನ ಜೀನಿ ರಾಬರ್ಟ್‌ಸನ್. ಅವಳೂ ಅಲೆಮಾರಿಗಳ ಕುಲದವಳು. ಅವಳು ಹಾಡಿದುದು ಸ್ಕಾಟ್ಸ್ ಭಾಷೆಯಲ್ಲಿ, ಅದು ಕೆಲ್ಟಿಕ್ ಕುಲದ್ದೇ ಅಲ್ಲ. 1953ರಲ್ಲಿ ಹೇಮಿಷ್ ಹೆಂಡರ್ಸನ್ ಎಂಬ ವಿದ್ವಾಂಸನು ಅಬರ್ಡೀನ್ ನಗರದಲ್ಲಿ ಅವಳ ಮನೆಯ ಬಾಗಿಲನ್ನು ತಟ್ಟಿದ ಮೇಲೆ ಲೋಕಕ್ಕೆ ಅವಳ ಪರಿಚಯವಾಯಿತು. ಈ ಪರಿಚಯವನ್ನು ಶೋಧವೆಂದು ಕರೆಯುವುದು ವಾಡಿಕೆ. ನೆರೆಹೊರೆಯವರೆಲ್ಲ ಬಲ್ಲ ಗಾಯಿಕೆಯನ್ನು ವಿದ್ವಾಂಸನೊಬ್ಬನು ಕಂಡುಹಿಡಿದನೆನ್ನುವುದು ವಿನೋದವೇ ಸರಿ. ದರೋಜಿಯ ವಿಷಯದಲ್ಲಿಯೂ ಇದೇ ಮಾತು. ಅದಿರಲಿ. ಹೆಂಡರ್ಸನ್ ಯಂತ್ರವನ್ನು ಒಯ್ದಿದ್ದನು. 1951ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಸ್ಕಾಟಿಷ್ ಅಧ್ಯಯನಶಾಲೆಯು ಅಂಥ ಧ್ವನಿಗಳನ್ನು ಸುರುಳಿಗಳಲ್ಲಿ ಹಿಡಿದಿಟ್ಟಿತು. 2010ರಿಂದೀಚೆಗೆ ಅವುಗಳಲ್ಲಿ ಬಹು ಭಾಗವನ್ನು ಯಾವ ದೇಶದವನಾದರೂ ಮನೆಯಲ್ಲಿಯೇ ಕುಳಿತು ಕೇಳಬಹುದಾಗಿದೆ. ಜೀನಿಯು ಎಲ್ಲಿ ಉಸಿರನ್ನು ನಿಲ್ಲಿಸಿದಳೆಂಬುದು ಇಂದಿನ ಹುಡುಗಿಗೆ ತಿಳಿಯುತ್ತದೆ. ಈರಮ್ಮನವರದೂ ತುಣುಕುಗಳು ಕೇಳಸಿಕ್ಕುವುವು. ಆದರೆ ರಾತ್ರಿಯಿಡೀ ನಡೆಯುವ ಕಥನಕ್ಕೆ ಹತ್ತು ನಿಮಿಷದ ತುಣುಕು ಏತರ ಪ್ರತಿನಿಧಿ? ಮಹಾಕಾವ್ಯದಿಂದ ಒಂದು ಸುಭಾಷಿತವನ್ನು ಆರಿಸಿಕೊಂಡು ಕಾವ್ಯವನ್ನೇ ಓದಿದೆನೆಂದಂತೆ.

ಈಗ ಹೊಸಬರ ವಿಚಾರ. ಬ್ರಿಟನಿ ಪ್ರಾಂತದಲ್ಲಿ ಇಬ್ಬರು ಸೊಲ್ಲಿಗೆ ಸೊಲ್ಲು ಕೊಟ್ಟು ಹಾಡುವ ಒಂದು ಪದ್ಧತಿಯಿದೆ. ಅವರ ಭಾಷೆಯಲ್ಲಿ ಕಾನ್ ಹ ದಿಸ್ಕಾನ್. ಮೊದಲಿನವರ ಕೊನೆಯ ಅಕ್ಷರಗಳ ಮೇಲೆಯೇ ಎರಡನೆಯವರು ದನಿಗೂಡಿಸಿ ಸಾಲನ್ನು ತಾವು ಎತ್ತಿಕೊಳ್ಳುವರು. ಗೋಆದೆಕ್ ಮನೆತನದ ಮೂವರು ಅಕ್ಕತಂಗಿಯರು ಇದರಲ್ಲಿ ಪ್ರಸಿದ್ಧರಾಗಿದ್ದರು. ಹಳ್ಳಿಯ ಆ ಹೆಂಗಸರು 1973ರಲ್ಲಿ ಪ್ಯಾರಿಸಿನ ರಂಗದ ಮೇಲೂ ಹಾಡಿದರು. ಅದನ್ನು ಕೇಳಿದವನಿಗೆ ದರೋಜಿಯ ಹಿಮ್ಮೇಳದವರ ನೆನಪು ಬಾರದಿರದು. ಡೆನೆಜ್ ಪ್ರಿಜೆಂಟ್ ಎಂಬ ಗಾಯಕನು ಆ ನಾಡಿನ ಶೋಕಗೀತಗಳನ್ನು ಮೊದಲು ವಾದ್ಯವೇ ಇಲ್ಲದೆ ಬರಿಯ ಕಂಠದಿಂದ ಹಾಡಿ, 1997ರ ಗೀತಸಂಪುಟದಲ್ಲಿ ವಿದ್ಯುದ್ಯಂತ್ರದ ನಾದಗಳನ್ನು ಅವಕ್ಕೆ ಜೋಡಿಸಿದನು. ಹಳಬರು ಮುನಿಸಿಕೊಂಡರೆ ಆಶ್ಚರ್ಯವಿಲ್ಲ. ಆದರೆ ಕಿವಿಗೊಟ್ಟು ಕೇಳಿದರೆ ಕಂಠದ ಎಳೆತವೂ ಸೊಲ್ಲಿನ ಕೊನೆಯ ನಿಲುಗಡೆಯೂ ಹಳೆಯವೇ. ಸುತ್ತಲಿನದು ಬದಲಾದರೂ ನಡುವಿನ ಉಸಿರು ಬದಲಾಗಿಲ್ಲ.

ಇದೇ ಒರೆಗಲ್ಲಿನಲ್ಲಿ ಕನ್ನಡದ ಹೊಸಬರನ್ನೂ ತಿಕ್ಕಿ ನೋಡಬೇಕು. ಸಿನೆಮಾದ ಕರೆಯನ್ನು ಕಾಯದೆ ತಮ್ಮ ಹಾಡನ್ನು ತಾವೇ ಹೊತ್ತು ಊರೂರು ತಿರುಗುವವರನ್ನು ಈಗ ಸ್ವತಂತ್ರ ಗಾಯಕರೆನ್ನುವರು. ಬುಡ್ಗಜಂಗಮರು ತಲೆಮಾರುಗಳಿಂದ ಮಾಡಿದ್ದೂ ಅದನ್ನೇ. ಪ್ರತಿಫಲವು ಮಾತ್ರ ಮೊರದ ಜೋಳವಾಗಿದ್ದಿತು. ರಘು ದೀಕ್ಷಿತರು 2008ರ ತಮ್ಮ ಗೀತಸಂಪುಟದಲ್ಲಿ ಶಿಶುನಾಳ ಶರೀಫರ ಗುಡುಗುಡಿಯ ಪದವನ್ನು ಹಾಡಿ ತತ್ತ್ವಪದವೆಂಬುದರ ಹೆಸರನ್ನೇ ಕೇಳದ ತರುಣರ ನಾಲಗೆಗೆ ಅದನ್ನು ತಂದರು. ಸಿ. ಅಶ್ವತ್ಥರು ಇದಕ್ಕೆ ಮೊದಲೇ ಶರೀಫರನ್ನು ಸಭಾಮಂದಿರಗಳಿಗೂ, 1990ರಲ್ಲಿ ಚಲನಚಿತ್ರಕ್ಕೂ ಕರೆತಂದಿದ್ದರು. ಅಶ್ವತ್ಥರದು ಘೋಷ, ದೀಕ್ಷಿತರದು ಕುಣಿತ. ಶರೀಫರ ಪದಗಳಲ್ಲಿ ಹೊರಗೆ ವಿನೋದ, ಒಳಗೆ ವೈರಾಗ್ಯ. ಹೊರಗಿನ ವಿನೋದವನ್ನು ದೀಕ್ಷಿತರ ಗತಿಯು ಬಹು ಸೊಗಸಾಗಿ ಹಿಡಿದಿದೆ. ಒಳಗಿನ ಮಾತು ನೆಲೆನಿಲ್ಲುವುದಕ್ಕೆ ಒಂದೆರಡು ಗಳಿಗೆಯ ಬಿಡುವು ಬೇಕಾಗಿದ್ದಿತು. ಚಪ್ಪಾಳೆಯ ಲಯವು ಅದಕ್ಕೆ ಎಡೆಗೊಡಲಿಲ್ಲ. ಬೆಂಗಳೂರಿನ ಸ್ವರಾತ್ಮ ತಂಡದವರು 2009ರಿಂದೀಚೆಗೆ ಹೊರಡಿಸಿದ ಹಾಡುಗಳಲ್ಲಿಯೂ ಉತ್ಸಾಹಕ್ಕೆ ಕೊರತೆಯಿಲ್ಲ. ಕೊರತೆಯೆಂದರೆ ನಾಲ್ಕು ನಿಮಿಷದ ಅಳತೆ. ದೀರ್ಘವಾದ ಕಥನವನ್ನು ಹೊತ್ತು ನಡೆಯುವ ಹೆಗಲು ಹೊಸಬರಲ್ಲಿ ಇನ್ನೂ ಕಾಣಬೇಕಾಗಿದೆ.

ಇಂಥ ಗಾನವು ಶಾಸ್ತ್ರಬಾಹ್ಯವೆಂದು ಮೂಗು ಮುರಿಯುವ ಪಂಡಿತರು ಈ ಜಿಲ್ಲೆಯಲ್ಲಿಯೂ ಇಲ್ಲದಿಲ್ಲ. ಅವರು ಬೃಹದ್ದೇಶಿಯನ್ನು ಒಮ್ಮೆ ತೆರೆಯಲಿ. ಹೆಂಗಸರು, ಮಕ್ಕಳು, ಗೋವಳರು, ಅರಸರು ತಂತಮ್ಮ ನಾಡಿನಲ್ಲಿ ತಮ್ಮ ಇಚ್ಛೆಯಿಂದ ಪ್ರೀತಿಯಾಗಿ ಹಾಡುವುದೇ ದೇಶಿಯೆಂದು ಮತಂಗನು ಲಕ್ಷಣ ಹೇಳಿರುವನು. ಗೋವಳನನ್ನೂ ಅರಸನನ್ನೂ ಒಂದೇ ಪಂಕ್ತಿಯಲ್ಲಿ ಕುಳ್ಳಿರಿಸುವುದಕ್ಕೆ ಅವನು ಅಳುಕಲಿಲ್ಲ. ಸಂಗೀತರತ್ನಾಕರಕ್ಕೆ ಕಲಾನಿಧಿಯೆಂಬ ವ್ಯಾಖ್ಯಾನವನ್ನು ಬರೆದ ಕಲ್ಲಿನಾಥನು ಇದೇ ವಿಜಯನಗರದ ಇಮ್ಮಡಿ ದೇವರಾಯನ ಆಶ್ರಯದಲ್ಲಿದ್ದವನು. ಹದಿನೈದನೆಯ ಶತಮಾನದಲ್ಲಿ ಹಂಪೆಯಲ್ಲಿ ಕುಳಿತ ಆ ವಿದ್ವಾಂಸನು ಪ್ರಾಚೀನ ಲಕ್ಷಣಕ್ಕೂ ತನ್ನ ಕಾಲದ ಗಾನಕ್ಕೂ ಇದ್ದ ವ್ಯತ್ಯಾಸವನ್ನು ಮುಚ್ಚಿಡದೆ ವಿಚಾರಿಸಿದನು. ಅಂಥ ಕಿವಿ ಇಂದು ದರೋಜಿಯ ಕಡೆಗೆ ತಿರುಗಬೇಕಾಗಿದೆ. ಅಚ್ಚಾದ ಕಾವ್ಯವನ್ನು ಒಂದು ಕೈಯಲ್ಲಿ ಹಿಡಿದು, ದೊರೆತಷ್ಟು ಧ್ವನಿಯನ್ನು ಕೇಳುತ್ತ, ಹಿಮ್ಮೇಳವು ಎಲ್ಲಿ ಸೇರುತ್ತದೆಂಬುದನ್ನು ಅಂಚಿನಲ್ಲಿ ಗುರುತು ಹಾಕಿಕೊಳ್ಳುವ ಕೆಲಸವನ್ನು ಯಾವ ಮನೆಯಲ್ಲಿಯಾದರೂ ಮಾಡಬಹುದು. ಆ ಮೇಳಗಳನ್ನು ಕಂಡು ಕೇಳಿದವರು ಈ ಸುತ್ತಿನ ಊರುಗಳಲ್ಲಿ ಇದ್ದಾರೆ. ಅವರನ್ನು ಕೇಳುವುದಕ್ಕೆ ಹೆಚ್ಚಿನ ಪಾಂಡಿತ್ಯವೇನೂ ಬೇಡ.

ಬೆಲ್‌ಫಾಸ್ಟಿನ ಸಭೆ ಮುಗಿದ ಕೆಲವು ವರ್ಷಗಳ ಮೇಲೆ ಬಂಟಿಂಗನು ಹೆಂಪ್ಸನನ ಊರಿಗೇ ಹೋಗಿ ಅವನನ್ನು ಕಂಡನು. ಅತಿ ಪ್ರಾಚೀನವಾದ ಗತ್ತುಗಳನ್ನು ನುಡಿಸೆಂದರೆ, ಅವು ಕಲಿಯುವುದಕ್ಕೆ ಕಠಿನ, ನುಡಿಸಿದರೆ ನೋವಿನ ನೆನಪುಗಳು ಏಳುತ್ತವೆ, ಪ್ರಯೋಜನವೇನೆಂದು ಮುದುಕನು ಜಾರಿಕೊಳ್ಳುತ್ತಿದ್ದನು. ಬಂಟಿಂಗನು ಬಿಡದೆ ಬೇಡಿದನು. ಕೊನೆಗೆ ಮುದುಕನು, ವಾದನಕ್ಕೆ ಮೊದಲು ತಂತಿಗಳು ಶ್ರುತಿಗೂಡಿವೆಯೋ ಇಲ್ಲವೋ ಎಂದು ಪರೀಕ್ಷಿಸುವುದಕ್ಕಾಗಿ ನುಡಿಸುತ್ತಿದ್ದ ಒಂದು ಚಿಕ್ಕ ಪೀಠಿಕೆಯ ತುಣುಕನ್ನು ನುಡಿಸಿದನು. ಬಂಟಿಂಗನು ಅದನ್ನು ಬರೆದುಕೊಂಡು 1840ರ ಸಂಪುಟದಲ್ಲಿ ಸೇರಿಸಿದನು.